ಕಂಪೈಲರ್ ಒಪ್ಪಿದರೂ ಮೆಣಸು ಕಾಫಿ ಆಗುವುದಿಲ್ಲ

ಗೋಣಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರಿಗೆ ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. 'ಕಾಫಿ' ಅಂತ ಒಂದು ಕ್ಲಾಸ್, ಅಂದರೆ ಒಂದು ವಸ್ತುವಿನ ಮಾಹಿತಿ, ಕೆಲಸ ಎರಡನ್ನೂ ಒಟ್ಟಿಗೆ ಬರೆದಿಟ್ಟ ಕೋಡಿನ ಅಚ್ಚು. ಚೀಲದ ತೂಕ, ಬಿಲ್ ಪ್ರಿಂಟ್, ಓಟಿ (ಔಟ್‌ಟರ್ನ್, ಚೀಲದಲ್ಲಿ ಸಿಗುವ ಬೀಜದ ಲೆಕ್ಕ) ನೋಡಿ ಬೆಲೆ ಕಟ್ಟುವುದು, ಎಲ್ಲ ಅದರೊಳಗೇ. ಆಮೇಲೆ ಅವರು "ಮೆಣಸೂ ತಗೊಳ್ತೀವಿ, ಅದನ್ನೂ ಸೇರಿಸಿಬಿಡಿ" ಅನ್ನುತ್ತಾರೆ. ತೂಕ, ಬಿಲ್ಲು ಎಲ್ಲ ಕಾಫಿಯಲ್ಲಿ ಇದೆಯಲ್ಲ, ಸುಮ್ನೆ ಮತ್ತೆ ಯಾಕೆ ಬರೆಯೋದು ಅಂತ ಹೊಸಬರು 'ಮೆಣಸು ಎಕ್ಸ್‌ಟೆಂಡ್ಸ್ ಕಾಫಿ' ಅಂತ ಬರೆದುಬಿಡುತ್ತಾರೆ. ಮೆಣಸೂ ಒಂದು ಬಗೆಯ ಕಾಫಿ, ಕಾಫಿಯ ಕೋಡೆಲ್ಲ ಇದಕ್ಕೂ ಬರಲಿ ಅಂತ ಅದರ ಅರ್ಥ, ಇದಕ್ಕೇ ಇನ್‌ಹೆರಿಟೆನ್ಸ್ ಅನ್ನುವುದು.

ಆದರೆ ಮೆಣಸಿಗೆ ಓಟಿ ಎಲ್ಲಿಂದ ಬರಬೇಕು? 50 ಕೆ.ಜಿ. ಚೀಲದಲ್ಲಿ ಸಿಪ್ಪೆ ಹೋಗಿ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನುವುದು ಓಟಿ. ಮೆಣಸಿಗೆ ನೋಡುವುದು ತೇವಾಂಶ, ಲೀಟರ್ ತೂಕ. ಹಾಗಾಗಿ ಓಟಿ ಮೆಥಡ್‌ನಲ್ಲಿ (ಓಟಿ ಹೇಳುವ ಕೋಡಿನ ತುಂಡಿನಲ್ಲಿ) ಸೊನ್ನೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ಆ ಸೊನ್ನೆಯಿಂದ ಗುಣಿಸಿದ ಬಿಲ್ಲು ಒಂದು ದಿನ ಬೆಳೆಗಾರರ ಕೈಗೆ ಹೋಗುತ್ತದೆ, ಕೋಡಿನ ತಪ್ಪು ಹಿಡಿಯಬೇಕಾದ ಕಂಪೈಲರ್ ಮಾತ್ರ ತುಟಿ ಬಿಚ್ಚುವುದಿಲ್ಲ. ಅದರ ಲೆಕ್ಕದಲ್ಲಿ ಮೆಣಸೂ ಕಾಫಿಯೇ ಅಲ್ವಾ! ಕಾಫಿ ಇರುವ ಜಾಗದಲ್ಲೆಲ್ಲ ಇದನ್ನು ಇಟ್ಟರೂ ಕೆಲಸ ಕೆಡಬಾರದು, ಹಾಗಿದ್ದರೆ ಮಾತ್ರ ಇನ್‌ಹೆರಿಟೆನ್ಸ್. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೊವ್ 1987ರಲ್ಲೇ ಇದನ್ನು ಹೇಳಿದ್ದಾರೆ.

ಇಲ್ಲಿ ಬೇಕಾದದ್ದು ಇಂಟರ್‌ಫೇಸ್. 'ಬೆಲೆ ಕೇಳಿದರೆ ಹೇಳುತ್ತೇನೆ' ಅನ್ನುವ ಮಾತು ಅಷ್ಟೇ ಅದರಲ್ಲಿರುತ್ತದೆ, ಹೇಗೆ ಲೆಕ್ಕ ಹಾಕುವುದು ಅನ್ನುವುದು ಆಯಾ ಕ್ಲಾಸಿನ ತಲೆನೋವು. (2014ರ ಜಾವಾ 8ರಿಂದ ಡಿಫಾಲ್ಟ್ ಮೆಥಡ್ ಅಂತ ಸ್ವಲ್ಪ ಕೋಡನ್ನೂ ಇಡಬಹುದು. ನಾನು ಜಾಸ್ತಿ ಬಳಸುವುದಿಲ್ಲ.) ಬಿಲ್ ಮಾಡುವ ಕೋಡಿಗೆ ಈ ಇಂಟರ್‌ಫೇಸ್ ಒಂದೇ ಗೊತ್ತಿದ್ದರೆ ಸಾಕು, ನಾಳೆ ಏಲಕ್ಕಿ ಬಂದರೂ ಆ ಕೋಡನ್ನು ಮುಟ್ಟಬೇಕಾಗಿಲ್ಲ. ತೂಕದ ಕೋಡ್ ಬೇರೆ ಕ್ಲಾಸಿನಲ್ಲಿರಲಿ, ಕಾಫಿಯೂ ಮೆಣಸೂ ಅದನ್ನು ಕರೆದು ಬಳಸಲಿ.

ಇನ್‌ಹೆರಿಟೆನ್ಸ್ ಬೇಡವೇ ಬೇಡ ಅಂತಲ್ಲ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು), ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಎರಡೂ ನಿಜಕ್ಕೂ ಕಾಫಿ, ಎರಡಕ್ಕೂ ಓಟಿ ಇದೆ, ಅಲ್ಲಿ ಸರಿ. ಅದರ ಕೆಳಗೆ ಮತ್ತೆ ಅರೇಬಿಕಾ, ರೋಬಸ್ಟಾ ಅಂತ ಕ್ಲಾಸ್ ಮಾಡುತ್ತಾ ಹೋಗಬೇಡಿ. ಜಾವಾದಲ್ಲಿ ಒಂದು ಕ್ಲಾಸಿಗೆ ಒಂದೇ ಪೇರೆಂಟ್ ಕ್ಲಾಸ್ (ಇಂಟರ್‌ಫೇಸ್ ಎಷ್ಟಾದರೂ ಇರಬಹುದು), ಹಾಗಾಗಿ ಅರೇಬಿಕಾ ಕ್ಲಾಸ್ ಪಾರ್ಚ್‌ಮೆಂಟ್, ಚೆರಿ ಎರಡರ ಕೆಳಗೂ ಬರಲಾಗದು. ತಳಿ ಅನ್ನುವುದು ಒಂದು ಫೀಲ್ಡ್ (ಕ್ಲಾಸಿನೊಳಗೆ ಬರೆದಿಡುವ ಒಂದು ಮಾಹಿತಿ) ಆದರೆ ಸಾಕು.

ಜಾವಾ ಕಟ್ಟಿದವರೂ ಇಲ್ಲಿ ಎಡವಿದ್ದಾರೆ. 1996ರ ಮೊದಲ ಆವೃತ್ತಿಯಲ್ಲೇ ಸ್ಟಾಕ್ ಕ್ಲಾಸನ್ನು ವೆಕ್ಟರ್‌ನಿಂದ (ಎಲ್ಲಿ ಬೇಕಾದರೂ ಸೇರಿಸಿ ತೆಗೆಯಬಹುದಾದ ಪಟ್ಟಿ) ಇನ್‌ಹೆರಿಟ್ ಮಾಡಿಸಿದರು. ಮೇಲಿನಿಂದ ಮಾತ್ರ ಇಡಬೇಕಾದ, ತೆಗೆಯಬೇಕಾದ ಸ್ಟಾಕಿನ ನಡುವೆ ಯಾರು ಬೇಕಾದರೂ ಕೈ ಹಾಕುವಂತಾಯಿತು. ಹಳೆಯ ಪ್ರೋಗ್ರಾಮುಗಳು ಕೆಡುತ್ತವೆ ಅಂತ ಈಗ ಬದಲಿಸುವ ಹಾಗೂ ಇಲ್ಲ. ಬದಲಿಗೆ ಡೆಕ್ (Deque, ಎರಡೂ ತುದಿಯಲ್ಲಿ ಇಟ್ಟು ತೆಗೆಯುವ ಸಾಲು) ಬಳಸಿ ಅಂತ ಜಾವಾದ ದಾಖಲೆಯೇ ಹೇಳುತ್ತದೆ. ಡೆಕ್ ಒಂದು ಇಂಟರ್‌ಫೇಸ್.