ವೆರಿಕೋಸ್ ವೇನ್ ಲೇಸರ್: ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ರೋಗಿಗೆ ಏನು ಹೇಳಬೇಕು, ಯಾಕೆ ಹೇಳಬೇಕು

ದಾವಣಗೆರೆಯಲ್ಲಿ ನರ್ಸಿಂಗ್ ಓದುವ ನಮಗೆ ಸರ್ಜರಿ ಪೋಸ್ಟಿಂಗ್‌ನಲ್ಲಿ ಸಿಗುವ ಕೇಸುಗಳಲ್ಲಿ ವೆರಿಕೋಸ್ ವೇನ್ ಒಂದು, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ಕಾಲಿನ ನಾಳ (ವೇನ್) ಉಬ್ಬಿಕೊಳ್ಳುವುದು. ಬೆಣ್ಣೆದೋಸೆ ಹೋಟೆಲಿನಲ್ಲಿ ಹಂಚಿನ ಮುಂದೆ ನಿಲ್ಲುವವರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಬಟ್ಟೆ ಅಂಗಡಿಯ ಸೇಲ್ಸ್‌ನವರು, ಮೂರ್ನಾಲ್ಕು ಹೆರಿಗೆ ಆದ ಹೆಂಗಸರು. ಮೊದಲೆಲ್ಲ ಕಾಲು ಕೊಯ್ದು ನಾಳ ಎಳೆದು ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ಲೇಸರ್ ಅಥವಾ ರೇಡಿಯೋಫ್ರೀಕ್ವೆನ್ಸಿಯ ಬಿಸಿಯಿಂದ ನಾಳವನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಅಡ್ಮಿಟ್ ಆಗಿ ರಾತ್ರಿ ಉಳಿಯುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಡಿಸ್ಚಾರ್ಜ್ ಸೂಚನೆಗಳನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗಬಹುದು. ಆದರೆ ರೋಗಿ 'ಯಾಕಮ್ಮ?' ಅಂತ ಕೇಳಿದಾಗ ಉತ್ತರ ಬೇಕಲ್ವಾ? ಕಾಲಿನ ರಕ್ತ ಮೇಲಕ್ಕೆ ಹೇಗೆ ಹತ್ತುತ್ತದೆ ಅನ್ನುವುದೊಂದು ಗೊತ್ತಿದ್ದರೆ ಸಾಕು. ಸೂಚನೆಗಳಲ್ಲಿ ಹೆಚ್ಚಿನವು ಅದರಿಂದಲೇ ಹೊರಡುತ್ತವೆ.

ರಕ್ತ ಹತ್ತುವ ದಾರಿ

ಸುಮ್ನೆ ನಿಂತಿದ್ದಾಗ ಪಾದದ ಗಂಟಿನ ಬಳಿ ವೇನ್ ಒಳಗಿನ ಒತ್ತಡ ಸುಮಾರು 80ರಿಂದ 90 ಎಂಎಂ ಎಚ್‌ಜಿ ಇರುತ್ತದೆ. ನಡೆಯಲು ಶುರು ಮಾಡಿದರೆ ಮೀನಖಂಡ ವೇನನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ, ಒತ್ತಡ 30ಕ್ಕಿಂತ ಕೆಳಗೆ ಇಳಿಯುತ್ತದೆ. ಏರಿದ ರಕ್ತ ಮತ್ತೆ ಕೆಳಗೆ ಬೀಳದಂತೆ ವಾಲ್ವ್‌ಗಳು ತಡೆಯುತ್ತವೆ. ತೋಟದ ಪಂಪಿನ ಫುಟ್‌ವಾಲ್ವ್ ಕೆಟ್ಟರೆ ಪೈಪಿನ ನೀರೆಲ್ಲ ಬಾವಿಗೇ ವಾಪಸ್ ಇಳಿಯುತ್ತದೆ ನೋಡಿ, ಇಲ್ಲೂ ಅದೇ ಕಥೆ. ಪಾದದ ಒಳಬದಿಯಿಂದ ತೊಡೆಸಂದಿನವರೆಗೆ ಹೋಗುವ ಗ್ರೇಟ್ ಸಫೀನಸ್ ವೇನ್‌ನಲ್ಲಿ ವಾಲ್ವ್ ಕೆಟ್ಟರೆ ನಡೆದಾಗಲೂ ಒತ್ತಡ ಅಷ್ಟು ಇಳಿಯುವುದಿಲ್ಲ. ನಾಳ ಉಬ್ಬುತ್ತದೆ, ಕಾಲು ಭಾರವಾಗುತ್ತದೆ. ಕೊನೆಗೆ ಚರ್ಮ ಕಪ್ಪಾಗಿ ಹುಣ್ಣಾಗಬಹುದು. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಈ ವೇನ್‌ನಲ್ಲಿ ರಕ್ತ 0.5 ಸೆಕೆಂಡಿಗಿಂತ ಜಾಸ್ತಿ ಹೊತ್ತು ಹಿಮ್ಮುಖವಾಗಿ ಹರಿದರೆ ಅದನ್ನು ರಿಫ್ಲಕ್ಸ್ ಅನ್ನುತ್ತಾರೆ.

'ನಾಳಾನೇ ಮುಚ್ಚಿಬಿಟ್ಟರೆ ರಕ್ತ ಎಲ್ಲಿ ಹೋಗ್ತದೆ?' ಬಹಳ ಜನ ಕೇಳುವ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆಯೂ ಹೌದು. ಕಾಲಿನ ರಕ್ತದಲ್ಲಿ ಹೆಚ್ಚುಕಡಿಮೆ ಶೇ 90ರಷ್ಟು ಸ್ನಾಯುಗಳ ನಡುವಿನ ಆಳದ ವೇನ್‌ಗಳಲ್ಲಿಯೇ ಹರಿಯುತ್ತದೆ. ಚರ್ಮದ ಕೆಳಗಿನ ಕೆಟ್ಟ ನಾಳ ಮುಚ್ಚಿದರೆ ಉಳಿದದ್ದೂ ಒಳ್ಳೆಯ ದಾರಿ ಹಿಡಿಯುತ್ತದೆ. ಹಾಗಾಗಿಯೇ ಮೊದಲು ಆಳದ ವೇನ್ ತೆರೆದಿದೆಯೇ, ಅಲ್ಲಿ ಹೆಪ್ಪು ಇದೆಯೇ ಅಂತ ಸ್ಕ್ಯಾನ್‌ನಲ್ಲಿ ನೋಡುವುದು. ಆ ದಾರಿಯೇ ಬಂದ್ ಆಗಿದ್ದರೆ ಮೇಲಿನ ದಾರಿಯನ್ನು ಮುಚ್ಚುವ ಮಾತೇ ಇಲ್ಲ.

ಚಿಕಿತ್ಸೆಗೆ ಹೋಗುವ ಮೊದಲು

ಪ್ರೀ-ಆಪ್ ಫಾರ್ಮಿನಲ್ಲಿ ಉದ್ಯೋಗದ ಕಾಲಂ ಇರುತ್ತದೆ. ನಾವು 'ಕೂಲಿ' ಅಂತ ಬರೆದು ಮುಂದೆ ಹೋಗುತ್ತೇವೆ. ನನ್ನ ಕೇಳಿದರೆ ಆ ಕಾಲಂಗೆ ಎರಡು ನಿಮಿಷ ಕೊಡಬೇಕು. ದಿನಕ್ಕೆ ಎಷ್ಟು ಗಂಟೆ ನಿಲ್ಲುತ್ತಾರೆ, ನಿಂತಲ್ಲೇ ನಿಲ್ಲುತ್ತಾರೋ ಓಡಾಡುತ್ತಾರೋ, ಬೆಂಕಿಯ ಮುಂದೆಯೋ? ಬಿಸಿಗೆ ವೇನ್ ಇನ್ನಷ್ಟು ಹಿಗ್ಗುತ್ತದೆ. ಆಮೇಲೆ ಯಾವಾಗ ಕೆಲಸಕ್ಕೆ ಹೋಗಬಹುದು ಅನ್ನುವ ಉತ್ತರವೂ ಇಲ್ಲೇ ಸಿಗುತ್ತದೆ.

ಮಾತ್ರೆಗಳ ವಿಷಯ ಜಾಗ್ರತೆ. ಆಸ್ಪಿರಿನ್ ಇದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಡಾಕ್ಟರ್ ಹೇಳದೆ ರೋಗಿ ತಾನಾಗಿ ನಿಲ್ಲಿಸಬಾರದು. ಮೊದಲು ಹೆಪ್ಪುಗಟ್ಟಿದ ಇತಿಹಾಸ, ಗರ್ಭನಿರೋಧಕ ಮಾತ್ರೆ, ಮರಗಟ್ಟುವ ಇಂಜೆಕ್ಷನ್‌ಗೆ ಅಲರ್ಜಿ, ಇವನ್ನೂ ಕೇಳಿ ಬರೆದುಕೊಳ್ಳಿ. ಗರ್ಭಿಣಿಯಾದರೆ ಸಾಮಾನ್ಯವಾಗಿ ಹೆರಿಗೆ ಆದಮೇಲೆಯೇ ಮಾಡುತ್ತಾರೆ. ಹೆರಿಗೆಯ ನಂತರ ಎಷ್ಟೋ ನಾಳ ತಾನಾಗಿ ಇಳಿಯುವುದೂ ಉಂಟು.

ಸಕ್ಕರೆ ಕಾಯಿಲೆಯವರು, ಬೀಡಿ ಸೇದುವವರು ಬಂದರೆ ಪಾದದ ನಾಡಿ ಮುಟ್ಟಿ ನೋಡಿ. ಪಾದದ ಗಂಟಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿದರೆ ಎಬಿಐ (ಆಂಕಲ್ ಬ್ರೇಕಿಯಲ್ ಇಂಡೆಕ್ಸ್) ಸಿಗುತ್ತದೆ. ಅದು 0.8ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆಯ ನಂತರದ ಬಿಗಿ ಸಾಕ್ಸ್ ಹಾಕುವ ಮೊದಲು ಡಾಕ್ಟರಿಗೆ ತಿಳಿಸಬೇಕು. 0.5ಕ್ಕಿಂತ ಕಡಿಮೆಯಾದರೆ ಸಾಕ್ಸ್ ಬೇಡವೇ ಬೇಡ. ಪಾದಕ್ಕೆ ಮೊದಲೇ ರಕ್ತ ಕಡಿಮೆ ಬರುತ್ತಿರುವಾಗ ಹೊರಗಿನಿಂದ ಒತ್ತಿದರೆ ಬೆರಳು ಸಾಯಬಹುದು. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಗಟ್ಟಿಯಾಗಿ ಎಬಿಐ ಸುಳ್ಳೇ ಜಾಸ್ತಿ ತೋರಿಸಬಹುದು, ಇದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುವ ಪಾಯಿಂಟ್.

ಊಟ? ಬರೀ ಲೋಕಲ್ ಅನಸ್ತೇಸಿಯಾ ಆದರೆ ಬಹಳ ಕಡೆ ಲಘು ತಿಂಡಿಗೆ ಅಡ್ಡಿಯಿಲ್ಲ. ನಿದ್ದೆ ಬರಿಸುವ ಔಷಧಿ ಕೊಡುವುದಾದರೆ 6 ಗಂಟೆ ಮೊದಲು ಊಟ ನಿಲ್ಲಿಸಬೇಕು. ಬರೀ ನೀರಾದರೆ 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಜಗಳೂರಿನಿಂದ ಮೊದಲ ಬಸ್ಸಿಗೆ ಹೊರಡುವ ಸಕ್ಕರೆ ಕಾಯಿಲೆಯ ರೋಗಿಗೆ ಎರಡರಲ್ಲಿ ಯಾವುದು ಅಂತ ಹಿಂದಿನ ದಿನವೇ ಸ್ಪಷ್ಟವಾಗಿ ಹೇಳಬೇಕು. ಸುಮ್ನೆ 'ಖಾಲಿ ಹೊಟ್ಟೆಯಲ್ಲಿ ಬನ್ನಿ' ಅಂದರೆ ಅವರು ಮಾತ್ರೆ ನುಂಗಿ, ತಿಂಡಿ ಬಿಟ್ಟು ಬಂದು, ಶುಗರ್ ಇಳಿದು ಬೆವರುತ್ತಾ ಕೂರುತ್ತಾರೆ.

ಸಣ್ಣ ಸಣ್ಣ ವಿಷಯಗಳು: ಕಾಲಿಗೆ ಎಣ್ಣೆ ಹಚ್ಚಿಕೊಂಡು ಬರಬಾರದು, ಗುರುತು ಹಾಕುವ ಮಾರ್ಕರ್ ಹಿಡಿಯುವುದಿಲ್ಲ. ಕಾಲ್ಗೆಜ್ಜೆ, ಕಾಲುಂಗುರ ತೆಗೆಯಬೇಕಾಗುತ್ತದೆ. ಟೇಬಲ್ ಮೇಲೆ ಮಲಗಿಸಿ ಆಮೇಲೆ ಹೇಳಿದರೆ ಹೆಂಗಸರಿಗೆ ಇರುಸುಮುರುಸು, ಜೊತೆಗೆ ಬಂದ ಅತ್ತೆಗೆ ಇನ್ನೂ ಜಾಸ್ತಿ. ಹಿಂದಿನ ದಿನವೇ ಹೇಳಿದರೆ ಮನೆಯಲ್ಲೇ ತೆಗೆದಿಟ್ಟು ಬರುತ್ತಾರೆ. ಸಡಿಲವಾದ ಬಟ್ಟೆ, ಜೊತೆಗೊಬ್ಬರು, ಬಿಪಿಎಲ್ ಕಾರ್ಡ್ ಮತ್ತು ಆಧಾರ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಈ ಚಿಕಿತ್ಸೆಗೆ ಅದು ಸಿಗುತ್ತದೆಯೇ, ರೆಫರಲ್ ಬೇಕೇ ಅಂತ ಆಸ್ಪತ್ರೆಯ ಕೌಂಟರಿನಲ್ಲಿ ಮುಂಚೆಯೇ ಕೇಳಿಸಿ.

ಟೇಬಲ್ ಮೇಲೆ

ಗುರುತು ಹಾಕುವುದು ರೋಗಿಯನ್ನು ನಿಲ್ಲಿಸಿ. ಮಲಗಿದರೆ ನಾಳ ಖಾಲಿಯಾಗಿ ಕಾಣದೇ ಹೋಗುತ್ತದೆ. ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿ, ಸಣ್ಣ ಫೈಬರನ್ನು ತೊಡೆಸಂದಿನ ಕಡೆಗೆ ಏರಿಸಿ, ಆಳದ ವೇನ್‌ಗೆ ಸೇರುವ ಜಾಗದಿಂದ ಸುಮಾರು 2 ಸೆಂ.ಮೀ. ಕೆಳಗೆ ನಿಲ್ಲಿಸುತ್ತಾರೆ. ಆಮೇಲೆ ನಾಳದ ಉದ್ದಕ್ಕೂ ಸುತ್ತ ಟ್ಯೂಮಸೆಂಟ್ ದ್ರಾವಣ ತುಂಬುತ್ತಾರೆ: ಸಲೈನ್‌ನಲ್ಲಿ ತೆಳು ಮಾಡಿದ ಲಿಡೋಕೇನ್, ಸಾಮಾನ್ಯವಾಗಿ ಅಡ್ರಿನಾಲಿನ್ ಮತ್ತು ಬೈಕಾರ್ಬನೇಟ್ ಕೂಡ. ಅದು ನೋವು ತಡೆಯುತ್ತದೆ, ಚರ್ಮಕ್ಕೆ ನರಕ್ಕೆ ಬಿಸಿ ತಾಗದಂತೆ ಕಾಯುತ್ತದೆ, ನಾಳವನ್ನು ಒತ್ತಿ ಫೈಬರ್‌ಗೆ ಅಂಟಿಸುತ್ತದೆ. ಆಮೇಲೆ ಬಿಸಿ ಕೊಡುತ್ತಾ ಫೈಬರನ್ನು ಹಿಂದಕ್ಕೆ ಎಳೆಯುವುದು. ರೇಡಿಯೋಫ್ರೀಕ್ವೆನ್ಸಿಯಲ್ಲಿ 120 ಡಿಗ್ರಿ ಸೆಲ್ಸಿಯಸ್, ಒಂದೊಂದು ತುಂಡಿಗೆ 20 ಸೆಕೆಂಡಿನ ಲೆಕ್ಕ.

ಮುಗಿದ ಮೇಲೆ: ನಡೆಯುವುದು

ಇಲ್ಲಿಯೇ ಮನೆಯವರ ಜೊತೆ ನಮ್ಮ ಜಗಳ. 'ಆಪರೇಷನ್ ಆಗಿದೆ, ಹದಿನೈದು ದಿನ ಮಂಚ ಬಿಟ್ಟು ಇಳಿಯಬೇಡ' ಅನ್ನುವುದು ನಮ್ಮ ಕಡೆ ಪ್ರೀತಿಯ ಮಾತು. ಆದರೆ ಮಲಗಿದರೆ ಮೀನಖಂಡ ಹಿಂಡುವುದಿಲ್ಲ, ಆಳದ ವೇನ್‌ನಲ್ಲಿ ರಕ್ತ ನಿಧಾನವಾಗುತ್ತದೆ, ನಿಧಾನವಾದ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ಚಿಕಿತ್ಸೆ ಮುಗಿದ ಕೂಡಲೇ, ಆಸ್ಪತ್ರೆಯ ಕಾರಿಡಾರಿನಲ್ಲೇ ಅರ್ಧ ಗಂಟೆ ನಡೆಸುವುದು. ಮನೆಯಲ್ಲೂ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ನಡೆಯಬೇಕು. ಕೂತಾಗ ಕಾಲು ಮೇಲಿರಲಿ. ಈ ಮಾತನ್ನು ರೋಗಿಗೆ ಹೇಳುವುದಕ್ಕಿಂತ ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರಿಗೆ ಹೇಳಿದರೆ ಉಪಯೋಗ.

ಸಾಕ್ಸ್‌ನದ್ದು ಇನ್ನೊಂದು ಪುರಾಣ. ಏಪ್ರಿಲ್, ಮೇ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ತೊಡೆವರೆಗೆ ಬಿಗಿ ಸಾಕ್ಸ್ ಹಾಕಿ ಅಂದರೆ ಯಾರು ತಾನೇ ಹಾಕುತ್ತಾರೆ? ತುರ್ತು ಇಲ್ಲದಿದ್ದರೆ ಮಳೆಗಾಲ, ಚಳಿಗಾಲಕ್ಕೆ ದಿನಾಂಕ ಕೇಳುವುದರಲ್ಲಿ ತಪ್ಪಿಲ್ಲ. ಎಷ್ಟು ದಿನ ಅನ್ನುವುದು ಡಾಕ್ಟರಿಂದ ಡಾಕ್ಟರಿಗೆ ಬದಲಾಗುತ್ತದೆ, ಒಂದರಿಂದ ಎರಡು ವಾರ ಸಾಮಾನ್ಯ. ರಾತ್ರಿ ತೆಗೆಯಬಹುದು ಅಂದಿದ್ದರೆ ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲೇ ಹಾಕಬೇಕು, ನಿಂತರೆ ನಾಳ ತುಂಬಿಬಿಡುತ್ತದೆ. ಮೇಲಿನ ಅಂಚನ್ನು ಮಡಚಬಾರದು, ಮಡಿಕೆ ದಾರ ಕಟ್ಟಿದಂತೆ ರಕ್ತ ತಡೆಯುತ್ತದೆ. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ತಕ್ಷಣ ತೆಗೆದು ಫೋನ್ ಮಾಡಲಿ.

ಮೊದಲ ದಿನಗಳಲ್ಲಿ ತೊಡೆಯ ಒಳಗೆ ನೀಲಿ ಕಲೆ, ಮುಟ್ಟಿದರೆ ನೋವು ಮಾಮೂಲು. ಜನ ಗಾಬರಿ ಆಗುವುದು ಸುಮಾರು ಒಂದು ವಾರದ ಹೊತ್ತಿಗೆ. ಕಡಿಮೆ ಆಗುತ್ತಿದ್ದ ನೋವು ಮತ್ತೆ ಬಂದಂತಾಗಿ, ತೊಡೆಯಲ್ಲಿ ಹಗ್ಗ ಎಳೆದ ಹಾಗೆ ಬಿಗಿಯುತ್ತದೆ. ಮುಚ್ಚಿದ ನಾಳ ಕುಗ್ಗುತ್ತಿದೆ ಅಷ್ಟೇ. ಇದನ್ನು ಮೊದಲೇ ಹೇಳಿದ್ದರೆ ಅರ್ಧ ಫೋನ್ ಕರೆಗಳು ಬರುವುದಿಲ್ಲ. ಮೊಣಕಾಲಿನ ಕೆಳಗೆ ಒಂದು ಜಾಗ ಜೋಮು ಹಿಡಿದಂತಿದ್ದರೆ ಅದು ಸಫೀನಸ್ ನರಕ್ಕೆ ಬಿಸಿ ತಾಗಿದ್ದು. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಹೋಗುತ್ತದೆ.

ಇವು ಮಾಮೂಲಲ್ಲ: ಮೀನಖಂಡವೆಲ್ಲ ಊದಿ ನೋಯುವುದು, ಜ್ವರ, ಸೂಜಿ ಹಾಕಿದ ಜಾಗದಲ್ಲಿ ಕೀವು, ನಿಲ್ಲದ ರಕ್ತ. ರಕ್ತ ಬಂದರೆ ಮಲಗಿ, ಕಾಲು ಎತ್ತಿ, ಒತ್ತಿ ಹಿಡಿಯಬೇಕು. ಏಕಾಏಕಿ ಉಸಿರಾಟದ ತೊಂದರೆ ಅಥವಾ ಎದೆನೋವು ಬಂದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ನಾಳೆ ನೋಡೋಣ ಅನ್ನದೆ 108ಕ್ಕೆ ಕರೆ ಮಾಡಲಿ.

ಕೂತು ಕೆಲಸ ಮಾಡುವವರು ಒಂದೆರಡು ದಿನದಲ್ಲೇ ಹೋಗಬಹುದು. ದೋಸೆ ಹಂಚಿನವರಿಗೆ ಸುಮಾರು ಒಂದು ವಾರ ಅಂತ ಇಟ್ಟುಕೊಳ್ಳಿ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದನ್ನು ಕಲಿಸಿ ಕಳಿಸಿ, ಅದೂ ಮೀನಖಂಡವನ್ನು ಹಿಂಡುತ್ತದೆ. ಗುಣವಾಯಿತು ಅಂತ ಆ ವಾರವೇ ಮಂತ್ರಾಲಯಕ್ಕೋ ಧರ್ಮಸ್ಥಳಕ್ಕೋ ಹರಕೆ ತೀರಿಸಲು ಹೊರಡುವವರಿದ್ದಾರೆ. ಅಷ್ಟು ದೂರದ ಬಸ್ ಪ್ರಯಾಣ ಕೆಲವು ವಾರ ಮುಂದಕ್ಕೆ ಹೋಗಲಿ.

ಒಂದು ವಾರದ ಒಳಗಿನ ಸ್ಕ್ಯಾನನ್ನು 'ಕಾಲು ಚೆನ್ನಾಗಿದೆ, ಮತ್ತೆ ಯಾಕೆ ದುಡ್ಡು' ಅಂತ ತಪ್ಪಿಸುವವರು ಬಹಳ. ಬಿಸಿ ಕೊಟ್ಟ ನಾಳದಿಂದ ಹೆಪ್ಪು ತೊಡೆಸಂದಿನ ಆಳದ ವೇನ್‌ಗೆ ಚಾಚಿಕೊಳ್ಳಬಹುದು. ಇದಕ್ಕೆ ಇಹಿಟ್ ಅನ್ನುತ್ತಾರೆ. ಎಷ್ಟೋ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ, ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ 'ಒಂದು ವಾರ ಬಿಟ್ಟು ಬನ್ನಿ' ಅನ್ನುವ ಬದಲು ವಾರ, ದಿನಾಂಕ, ಹೊತ್ತು ಮೂರನ್ನೂ ಬರೆದುಕೊಡಿ. ಅವತ್ತು ಅವರ ಊರಿನ ಸಂತೆ ದಿನ ಅಲ್ಲ ಅಂತ ಕೇಳಿಕೊಂಡೇ ಬರೆಯಿರಿ.