ಸಿಂಕ್ ಜಾಗ ಬದಲಿಸುವಾಗ ಹಳೇ ಪೈಪನ್ನೂ ಕೀಳಿಸಬೇಕಾ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು 1984ರಲ್ಲಿ ಕಟ್ಟಿದ ಮನೆ. ಅಡುಗೆಮನೆಯ ಮೂಲೆಯಲ್ಲಿರುವ ಸಿಂಕನ್ನು 7 ಅಡಿ ಈಚೆಗೆ, ಕಿಟಕಿ ಕೆಳಗೆ ತರಬೇಕು ಅಂತಿದ್ದೇವೆ. ನೀರು ಹೊರಗೆ ಹೋಗುವ ಪೈಪು ಹಳೇ ಜಿಐ. ಇದುವರೆಗೂ ಒಮ್ಮೆಯೂ ಕಟ್ಟಿಕೊಂಡಿಲ್ಲ. "ಇದಕ್ಕೇ ಪಿವಿಸಿ ಜೋಡಿಸೋಣ, ಸುಮ್ನೆ ನೆಲ ಯಾಕೆ ಒಡೀಬೇಕು" ಅಂತಾರೆ ಪ್ಲಂಬರ್. ಅಷ್ಟು ಸಾಕಾ?

ಉತ್ತರ: ಸಾಕಾಗುವುದಿಲ್ಲ. ನೆಲ ಒಡೆಯುವುದು ತಪ್ಪುತ್ತದೆ ಅಂತ ನಾನೂ ಒಮ್ಮೆ ಹೀಗೇ ಜೋಡಿಸಿದ್ದೆ. ಆರೇ ತಿಂಗಳಿಗೆ ಹೊಸ ಟೈಲ್ಸ್ ಒಡೆಸಬೇಕಾಯಿತು. ತೆಗೆದ ಒಂದೂವರೆ ಇಂಚಿನ ಜಿಐ ಪೈಪನ್ನು ಕೊಯ್ದು ನೋಡಿದರೆ ಒಳಗೆ ಕಿರುಬೆರಳು ತೂರುವಷ್ಟೇ ತೂತು.

ಜಿಐ ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ. ವರ್ಷಗಳು ಕಳೆದಂತೆ ಲೇಪ ಸವೆದು ಒಳಮೈಗೆ ತುಕ್ಕು ಹಿಡಿಯುತ್ತದೆ. ತುಕ್ಕು ಒರಟು. ಒಗ್ಗರಣೆಯ ಜಿಡ್ಡು, ಮುದ್ದೆ ಪಾತ್ರೆಯ ಅಂಟು ಎಲ್ಲಾ ಅದಕ್ಕೆ ಹತ್ತಿಕೊಂಡು ಕೂರುತ್ತವೆ. ಹಾಗಾದರೆ ನಿಮ್ಮದು ಯಾಕೆ ಇನ್ನೂ ಕಟ್ಟಿಕೊಂಡಿಲ್ಲ? ಮನೆ ಕಟ್ಟಿದವರು ಸಿಂಕನ್ನು ಹೊರಗೋಡೆಗೆ ಆನಿಸಿ ಇಟ್ಟಿರಬೇಕು. ಹಾಗಿದ್ದರೆ ಮುಸುರೆ ನೀರು ನೇರ ಕೆಳಗೆ ಬಿದ್ದು ಒಂದೆರಡು ಅಡಿ ಹರಿದರೆ ಹೊರಗೆ. ಆ ಬೀಳುವ ರಭಸವೇ ಪೈಪನ್ನು ಅಷ್ಟಿಷ್ಟು ತೊಳೆಯುತ್ತಾ ಬಂದಿದೆ. ಈಗ ನೀರು 7 ಅಡಿ ಅಡ್ಡ ಹರಿದು, ಜಿಡ್ಡು ತಣ್ಣಗಾಗಿ ಗಟ್ಟಿಯಾಗುತ್ತಾ, ನಿಧಾನಕ್ಕೆ ಆ ಹಳೇ ತೂತಿಗೆ ಬರುತ್ತದೆ. ಅಲ್ಲಿಂದ ತೊಂದರೆ ಶುರು.

ಇನ್ನೊಂದು ಕಾರಣ ವಾಟ, ಅಂದರೆ ನೀರು ಹರಿಯಲು ಪೈಪಿಗೆ ಕೊಡುವ ಇಳಿಜಾರು. ಗಾರೆಯವರ ಲೆಕ್ಕ ಅಡಿಗೆ ಕಾಲು ಇಂಚು. 7 ಅಡಿಗೆ ಹೆಚ್ಚುಕಮ್ಮಿ 2 ಇಂಚು ಇಳಿಯಲೇಬೇಕು. ಹಳೇ ಪೈಪಿನ ಬಾಯಿ ಎಷ್ಟು ಎತ್ತರದಲ್ಲಿದೆಯೋ ಅಲ್ಲಿಗೇ ಹೊಸದನ್ನು ಸೇರಿಸುವಾಗ ಈ 2 ಇಂಚು ಸಿಗದೇ ಹೋಗಬಹುದು. ಆಗ ಪೈಪು ಮಟ್ಟಸ ಮಲಗುತ್ತದೆ, ಒಳಗೆ ನೀರು ನಿಲ್ಲುತ್ತದೆ, ಜಿರಳೆಗೆ ಹಬ್ಬ.

ನನ್ನ ಮಾತು ಬಿಡಿ, ನೀವೇ ನೋಡಿ. ಸಿಂಕಿಗೆ ಬಿರಡೆ ಹಾಕಿ ತುಂಬಾ ನೀರು ತುಂಬಿಸಿ. ಒಬ್ಬರು ಹೊರಗೆ ಚೇಂಬರ್ ಮುಚ್ಚಳ ತೆಗೆದು ನಿಲ್ಲಲಿ. ಬಿರಡೆ ಕಿತ್ತಾಗ ನೀರು ದಬದಬ ಬಂದು ಬೇಗ ಮುಗಿದರೆ ಪೈಪು ಸ್ವಚ್ಛ. ಸಣ್ಣ ಧಾರೆಯಾಗಿ ತುಂಬಾ ಹೊತ್ತು ಸುರಿಯುತ್ತಿದ್ದರೆ ಒಳಗೆ ಅರ್ಧ ಮುಚ್ಚಿದೆ ಅಂತ ಅರ್ಥ.

ಹಾಕಿಸುವುದಾದರೆ ಸಿಂಕಿನಿಂದ ಹೊರಗಿನವರೆಗೆ ಪೂರಾ ಹೊಸದು ಹಾಕಿಸಿ. ಇಲ್ಲಿ ಜಾಸ್ತಿ ಖರ್ಚು ಒಡೆಯುವುದಕ್ಕೆ, ಮುಚ್ಚುವುದಕ್ಕೆ, ಪೈಪಿಗಲ್ಲ. ಅದಕ್ಕೇ ನೆಲದೊಳಗೆ ಹೋಗುವ ಭಾಗಕ್ಕೆ ನಾನು 75 ಮಿ.ಮೀ. ಪೈಪೇ ಹಾಕಿಸುತ್ತೇನೆ. ಅಂಗಡಿಯಲ್ಲಿ ಎಸ್‌ಡಬ್ಲ್ಯೂಆರ್ ಪೈಪು ಅಂತ ಕೇಳಿ, ಅಂದರೆ ಕೊಳಚೆ ನೀರು, ಮಳೆ ನೀರಿಗೆಂದೇ ಮಾಡಿದ ಪಿವಿಸಿ ಪೈಪು. ಮೈಮೇಲೆ ಐಎಸ್ 13592, ಟೈಪ್ ಬಿ ಅಂತ ಅಚ್ಚಾಗಿರಬೇಕು. ಟೈಪ್ ಎ ತೆಳು; ಮಳೆ ನೀರಿಗೆ, ಗಾಳಿ ಪೈಪಿಗೆ ಅದು ಸಾಕು. ತಿರುವಿನಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯವು ಎರಡು ಹಾಕಿಸಿ. ಒಂದು ಕಡೆಯಾದರೂ ಮುಚ್ಚಳ ತೆಗೆಯಬಹುದಾದ ಡೋರ್ ಬೆಂಡ್ ಇರಲಿ.

ಪೈಪನ್ನು ಗೋಡೆಯೊಳಗೆ ಅಡ್ಡ ಕೊರೆದು ಹೂಳೋಣ ಅಂದರೆ ಒಪ್ಪಬೇಡಿ. ನಾಲ್ಕೂವರೆ ಇಂಚಿನ ಗೋಡೆಯಾದರಂತೂ ಅದರ ಬಲವೇ ಹೋಗುತ್ತದೆ. ಕಡಪ ಕಲ್ಲಿನ ಕೆಳಗೆ, ಗೋಡೆಯ ಹೊರಗೇ ಕ್ಲಾಂಪ್ ಹೊಡೆದು ಹಾಯಿಸಿದರೆ ಸಾಕು. ನೋಡಲು ಚೆಂದವಿಲ್ಲ, ಆದರೆ ಕ್ಯಾಬಿನೆಟ್ ಒಳಗೆ ಯಾರು ನೋಡುತ್ತಾರೆ?

ಹಳೇ ಮನೆಗಳಲ್ಲಿ ಅಂಗಳದ ಮಣ್ಣಿನಡಿ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪು ಇರುವುದುಂಟು. ಅದರ ಜಾಯಿಂಟಿಗೆ ಸಿಮೆಂಟ್ ಮೆತ್ತಿರುತ್ತಾರೆ. ಸಿಮೆಂಟ್ ಬಿರುಕು ಬಿಟ್ಟ ಕಡೆ ನೀರಿನ ಪಸೆ ಹುಡುಕಿ ಗಿಡಮರದ ಬೇರು ನುಗ್ಗುತ್ತದೆ. ಹತ್ತಿರ ಮರವಿದ್ದರೆ ಆ ಪೈಪನ್ನೂ ಅಗೆದು ನೋಡಿಸಿಬಿಡಿ.

ಈಗಾಗಲೇ ಪಿವಿಸಿ ಇರುವ ಮನೆಯಾದರೆ, ನೀರು ಚೆನ್ನಾಗಿ ಹೋಗುತ್ತಿದ್ದು ವಾಟವೂ ಸಿಕ್ಕರೆ, ಜೋಡಿಸಿದರೆ ತಪ್ಪಿಲ್ಲ. ಅಪಾರ್ಟ್‌ಮೆಂಟಿನ ಕಥೆ ಬೇರೆ. ನಿಮ್ಮ ಪೈಪು ಕೆಳಗಿನ ಮನೆಯ ಸೀಲಿಂಗಿನಲ್ಲಿ ಇರಬಹುದು, ಮೊದಲು ಅವರನ್ನು ಕೇಳಿ.

ಪಿವಿಸಿಗೆ ಒಂದು ದೌರ್ಬಲ್ಯ ಇದೆ. ಕುದಿಯುವ ನೀರಿಗೆ ಅದು ಮೆತ್ತಗಾಗುತ್ತದೆ. ಅನ್ನದ ಗಂಜಿ ಬಸಿಯುವಾಗ ನಲ್ಲಿ ಬಿಟ್ಟುಕೊಂಡೇ ಬಸಿಯಿರಿ.

ನೆಲ ಮುಚ್ಚುವ ಮುಂಚೆ ಹೊರಗಿನ ಬಾಯಿ ಬಿಗಿಯಾಗಿ ಕಟ್ಟಿಸಿ, ಪೈಪಿಗೆ ನೀರು ತುಂಬಿಸಿ, ಮೇಲ್ಮಟ್ಟಕ್ಕೆ ಗುರುತು ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ನೀರು ಇಳಿದಿದ್ದರೆ ಜಾಯಿಂಟ್ ಸೋರುತ್ತಿದೆ. ಪೈಪು ಎಲ್ಲಿದೆ ಅಂತ ಮುಂದೆ ತಿಳಿಯಲು, ಅದರ ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಇನ್ನು ಕಾರ್ಪೆಂಟರ್ ಬರುವ ದಿನ ಮನೆಯಲ್ಲೇ ಇರಿ. ಇಲ್ಲದಿದ್ದರೆ ಡೋರ್ ಬೆಂಡಿನ ಮುಂದೆ ಪ್ಲೈವುಡ್ ಹೊಡೆದು ಹೋಗಿಬಿಡುತ್ತಾರೆ.