ಊಟ ಬಡಿಸುವುದು ಸುಲಭ, ಕೂಲಿ ಕೇಳುವುದು ಕಷ್ಟ: ಅಮೆರಿಕದ ಚರ್ಚ್‌ಗಳು ಮತ್ತು ವಲಸೆ ಕಾರ್ಮಿಕರು

1990ರ ದಶಕದ ಆರಂಭದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಚರ್ಚ್‌ಗಳು ನಡೆಸುತ್ತಿದ್ದ ಉಚಿತ ಊಟದ ಕೇಂದ್ರಗಳಲ್ಲಿ ಸೇವೆ ಮಾಡುತ್ತಿದ್ದವರಿಗೆ ಒಂದು ವಿಚಿತ್ರ ಸಂಗತಿ ಗಮನಕ್ಕೆ ಬಂತು. ತಟ್ಟೆ ಹಿಡಿದು ನಿಲ್ಲುತ್ತಿದ್ದವರೆಲ್ಲ ಕೆಲಸ ಇಲ್ಲದವರಾಗಿರಲಿಲ್ಲ. ಹಲವರು ದಿನವಿಡೀ ದುಡಿದು ಬಂದವರು. ಅವರಲ್ಲಿ ಕೆಲವರಂತೂ ನಗರಾಡಳಿತದ್ದೇ ಗುತ್ತಿಗೆಯಲ್ಲಿ ಕಟ್ಟಡಗಳನ್ನು ಗುಡಿಸಿ ಒರೆಸುವ ಕೆಲಸದವರು. ನಗರವು ಖರ್ಚು ಉಳಿಸಲೆಂದು ಕೆಲಸವನ್ನು ಗುತ್ತಿಗೆದಾರರಿಗೆ ವಹಿಸಿತ್ತು, ಗುತ್ತಿಗೆದಾರರು ಲಾಭ ಉಳಿಸಲೆಂದು ಕೂಲಿ ಇಳಿಸಿದ್ದರು, ಉಳಿದ ಹಸಿವಿನ ಹೊಣೆ ಚರ್ಚ್‌ಗಳ ಅಡುಗೆಮನೆಗೆ ಬಂದಿತ್ತು. 1977ರಿಂದ ಕೆಲಸ ಮಾಡುತ್ತಿದ್ದ, ಬಹುಪಾಲು ಕಪ್ಪು ಜನರ ಚರ್ಚ್‌ಗಳೇ ಸೇರಿ ಕಟ್ಟಿಕೊಂಡಿದ್ದ ‘ಬಿಲ್ಡ್’ ಎಂಬ ಒಕ್ಕೂಟವು ಇದನ್ನು ಕಂಡು ಇನ್ನೂ ದೊಡ್ಡ ಪಾತ್ರೆ ಒಲೆಗಿಡುವ ಬದಲು ಸರ್ಕಾರಿ ನೌಕರರ ಸಂಘಟನೆಯೊಂದರ ಜೊತೆಗೂಡಿ ನಗರಸಭೆಯ ಬಾಗಿಲು ತಟ್ಟಿತು. 1994ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕಾಯ್ದೆಯ ಪ್ರಕಾರ ನಗರದ ಗುತ್ತಿಗೆದಾರರು ತಮ್ಮ ಕೆಲಸಗಾರರಿಗೆ ಗಂಟೆಗೆ ಮೊದಲು 6.10 ಡಾಲರ್, ಮುಂದೆ ಹಂತಹಂತವಾಗಿ 7.70 ಡಾಲರ್ ಕೊಡಬೇಕಾಯಿತು. ಆಗ ರಾಷ್ಟ್ರೀಯ ಕನಿಷ್ಠ ವೇತನ 4.25 ಡಾಲರ್ ಮಾತ್ರ.

ಹಸಿದವರಿಗೆ ಉಣಬಡಿಸುವವರಿಗೆ ಅವರು ಏಕೆ ಹಸಿದಿದ್ದಾರೆಂಬುದು ಬೇರೆಲ್ಲರಿಗಿಂತ ಮೊದಲು ತಿಳಿಯುತ್ತದೆ. ಆದರೆ ತಿಳಿದದ್ದನ್ನು ಬಾಯಿಬಿಟ್ಟು ಹೇಳಿದ ದಿನ, ಅಕ್ಕಿಬೇಳೆಗೆ ದುಡ್ಡು ಕೊಟ್ಟವರೇ ಮುಖ ತಿರುಗಿಸುತ್ತಾರೆ. ಅಮೆರಿಕಕ್ಕೆ ಹೊಸದಾಗಿ ಬಂದವರಿಗೂ ಬಡ ದುಡಿಮೆಗಾರರಿಗೂ ಅಲ್ಲಿನ ಚರ್ಚ್‌ಗಳು ಮತ್ತು ಸಮುದಾಯ ಸಂಸ್ಥೆಗಳು ಕೊಟ್ಟ ಆಸರೆಯ ನೂರಮೂವತ್ತು ವರ್ಷಗಳ ಇತಿಹಾಸವನ್ನು ಈ ತೊಡಕನ್ನು ಮುಂದಿಟ್ಟುಕೊಂಡು ಓದಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ವಲಸಿಗ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಎಚ್-1ಬಿ ವೀಸಾದ ಸಾಫ್ಟ್‌ವೇರ್ ಎಂಜಿನಿಯರ್. ಈ ಇತಿಹಾಸದಲ್ಲಿ ಬರುವವರು ಹೊಲಿಗೆಯವರು, ತೋಟದ ಕೂಲಿಗಳು, ಕಸಾಯಿಖಾನೆಯವರು, ರಸ್ತೆಬದಿಯಲ್ಲಿ ಕೆಲಸಕ್ಕಾಗಿ ಕಾಯುವವರು.

1889ರಲ್ಲಿ ಎರಡು ಕೆಲಸಗಳು ಒಟ್ಟಿಗೇ ಆರಂಭವಾದವು. ಆ ವರ್ಷದ ಮಾರ್ಚ್‌ನಲ್ಲಿ ಇಟಲಿಯ ಧರ್ಮಭಗಿನಿ ಫ್ರಾನ್ಸೆಸ್ ಕ್ಯಾಬ್ರಿನಿ ನ್ಯೂಯಾರ್ಕ್‌ಗೆ ಬಂದಿಳಿದರು. ಐರಿಷ್ ಮೂಲದವರ ಹಿಡಿತದಲ್ಲಿದ್ದ ಕ್ಯಾಥೊಲಿಕ್ ಧರ್ಮಕೇಂದ್ರಗಳು ಹಲವೆಡೆ ಇಟಲಿಯವರಿಗೆ ಪೂಜೆಗೆ ನೆಲಮಾಳಿಗೆಯನ್ನು ತೋರಿಸುತ್ತಿದ್ದ ಕಾಲ ಅದು. ಒಂದೇ ಧರ್ಮದ ಒಳಗೂ ಮೊದಲು ಬಂದವರು ಮತ್ತು ಆಮೇಲೆ ಬಂದವರು ಎಂಬ ಮೇಲುಕೀಳು ಇತ್ತು. ಕ್ಯಾಬ್ರಿನಿ ಅನಾಥಾಲಯ, ಶಾಲೆ, ಆಸ್ಪತ್ರೆಗಳನ್ನು ಒಂದರ ಹಿಂದೊಂದರಂತೆ ಕಟ್ಟಿ, 1917ರಲ್ಲಿ ಷಿಕಾಗೋದಲ್ಲಿ ತೀರಿಕೊಂಡರು. 1946ರಲ್ಲಿ ಸಂತ ಪದವಿ ಪಡೆದ ಮೊದಲ ಅಮೆರಿಕನ್ ಪ್ರಜೆಯಾದರು.

ಅದೇ 1889ರ ಸೆಪ್ಟೆಂಬರ್‌ನಲ್ಲಿ ಷಿಕಾಗೋದ ಹಾಲ್‌ಸ್ಟೆಡ್ ಬೀದಿಯ ಹಳೆಯ ಬಂಗಲೆಯೊಂದರಲ್ಲಿ ಜೇನ್ ಆ್ಯಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಗೆಳತಿಯರು ‘ಹಲ್ ಹೌಸ್’ ತೆರೆದರು. ಇದಕ್ಕೆ ಮಾದರಿ ಲಂಡನ್ನಿನ ಬಡಾವಣೆಯಲ್ಲಿ ಆಂಗ್ಲಿಕನ್ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ 1884ರಲ್ಲಿ ಆರಂಭಿಸಿದ್ದ ಟಾಯ್ನ್‌ಬೀ ಹಾಲ್; ಹಲ್ ಹೌಸ್ ಮಾತ್ರ ಯಾವ ಚರ್ಚಿಗೂ ಸೇರದೆ ಉಳಿಯಿತು. ಸುತ್ತ ಇಟಲಿ, ಗ್ರೀಸ್, ರಷ್ಯಾ, ಬೊಹೀಮಿಯಾದಿಂದ ಬಂದ ಸಂಸಾರಗಳು. ಮೊದಲ ಪ್ರಯತ್ನಗಳಲ್ಲಿ ಕೆಲವು ನಗೆಪಾಟಲಾದವು: ಪೌಷ್ಟಿಕಾಂಶವನ್ನು ಲೆಕ್ಕಹಾಕಿ, ನ್ಯೂ ಇಂಗ್ಲೆಂಡ್ ಶೈಲಿಯಲ್ಲಿ ಅಡುಗೆ ಮಾಡಿ ಮಾರುವ ಸಾರ್ವಜನಿಕ ಪಾಕಶಾಲೆಯನ್ನು ತೆರೆದಾಗ ನೆರೆಹೊರೆಯವರು ಅದರತ್ತ ಹೆಚ್ಚಾಗಿ ಸುಳಿಯಲಿಲ್ಲ. ಅವರವರ ನಾಲಿಗೆಗೆ ಅವರವರ ಊರಿನ ರುಚಿ ಇತ್ತು. ಮೊದಲ ಕ್ರಿಸ್ಮಸ್‌ಗೆ ಮಿಠಾಯಿ ಹಂಚಹೊರಟಾಗ ಕೆಲವು ಪುಟ್ಟ ಹುಡುಗಿಯರು ಬೇಡವೆಂದರು. ಅವರು ಮಿಠಾಯಿ ಕಾರ್ಖಾನೆಯಲ್ಲಿ ಆರು ವಾರಗಳಿಂದ ಬೆಳಗಿನ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿಯುತ್ತಿದ್ದ ಮಕ್ಕಳು; ಅದನ್ನು ನೋಡಿದರೇ ಅವರಿಗೆ ಆಗುತ್ತಿರಲಿಲ್ಲ.

1891ರಲ್ಲಿ ಹಲ್ ಹೌಸ್‌ಗೆ ಬಂದು ನೆಲೆಸಿದ ಫ್ಲಾರೆನ್ಸ್ ಕೆಲಿ ಇಂಥದ್ದನ್ನೆಲ್ಲ ಕತೆಯಾಗಿ ಬಿಡದೆ ಲೆಕ್ಕಕ್ಕೆ ತಂದರು. ಮನೆಮನೆಗೆ ಹೋಗಿ ಯಾರು ಎಷ್ಟು ಗಂಟೆ ಹೊಲಿಯುತ್ತಾರೆ, ಎಷ್ಟು ಕೂಲಿ ಪಡೆಯುತ್ತಾರೆ ಎಂಬುದನ್ನು ಬರೆದುಕೊಂಡರು. ಮಕ್ಕಳ ದುಡಿಮೆಗೆ ಕಡಿವಾಣ ಹಾಕುವ, ಹೆಣ್ಣುಮಕ್ಕಳ ಕೆಲಸವನ್ನು ದಿನಕ್ಕೆ ಎಂಟು ಗಂಟೆಗೆ ಸೀಮಿತಗೊಳಿಸುವ ಕಾಯ್ದೆ 1893ರಲ್ಲಿ ಇಲಿನಾಯ್ ರಾಜ್ಯದಲ್ಲಿ ಬಂದು, ಕೆಲಿಯವರೇ ಮುಖ್ಯ ಕಾರ್ಖಾನೆ ನಿರೀಕ್ಷಕರಾದರು. ಎಂಟು ಗಂಟೆಯ ನಿಯಮವನ್ನು ಎರಡೇ ವರ್ಷದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತು. ಈ ಕಾಯ್ದೆಯ ಗೊಡವೆಯನ್ನು ಕೈಬಿಟ್ಟರೆ ಹಲ್ ಹೌಸ್‌ಗೆ 50,000 ಡಾಲರ್ ದೇಣಿಗೆ ಸಿಗುತ್ತದೆಂಬ ಸೂಚನೆ ತಯಾರಕರ ಸಂಘವೊಂದರ ಕಡೆಯಿಂದ ಬಂದಿತ್ತೆಂದು ಆ್ಯಡಮ್ಸ್ ಮುಂದೆ ಬರೆದುಕೊಂಡಿದ್ದಾರೆ. ಅವರು ನಿರಾಕರಿಸಿದರು. ಹಣ ಮೊದಲು ಉದಾರವಾಗಿ ಬರುತ್ತದೆ, ಷರತ್ತು ಆಮೇಲೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಸಿಗಲಾರದು.

ಚರ್ಚ್‌ನ ಒಳಗೆ ಕೂಲಿ ಕೇಳುವ ಮಾತಿಗೆ ಆಧಾರ ಸಿಕ್ಕಿದ್ದು 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ ಪರಿಪತ್ರದಿಂದ. ಕಾರ್ಮಿಕನು ಸಂಸಾರ ಸಾಗಿಸಲು ಸಾಕಾಗುವಷ್ಟು ಕೂಲಿ ನ್ಯಾಯದ ಪ್ರಶ್ನೆಯೆಂದೂ ಸಂಘ ಕಟ್ಟುವುದು ಅವನ ಹಕ್ಕೆಂದೂ ಅದು ಹೇಳಿತ್ತು. ಆರ್ಥಿಕ ಮಹಾಕುಸಿತದ ನಡುವೆ, 1933ರ ಮೇ ಒಂದರಂದು, ಡೊರೊಥಿ ಡೇ ಮತ್ತು ಫ್ರಾನ್ಸ್‌ನಿಂದ ಬಂದಿದ್ದ ಪೀಟರ್ ಮೋರಿನ್ ಆರಂಭಿಸಿದ, ನ್ಯೂಯಾರ್ಕ್‌ನ ಯೂನಿಯನ್ ಸ್ಕ್ವೇರ್‌ನಲ್ಲಿ ಒಂದು ಸೆಂಟಿಗೆ ಮಾರಾಟವಾದ ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯ ಹಿಂದೆ ಇದೇ ವಿಚಾರವಿತ್ತು. ಎರಡು ದಶಕಗಳ ನಂತರ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮೆಕ್ಸಿಕನ್ ಕೇರಿಯಲ್ಲಿ ಡೊನಾಲ್ಡ್ ಮೆಕ್‌ಡೊನೆಲ್ ಎಂಬ ಪಾದ್ರಿ ಅದೇ ಪರಿಪತ್ರವನ್ನು ಒಬ್ಬ ತರುಣ ಕೂಲಿಯ ಕೈಗಿತ್ತರು. ಆ ತರುಣನ ಹೆಸರು ಸೀಸರ್ ಚಾವೆಸ್; ಮುಂದೆ ಹೊಲದ ಕೂಲಿಗಳ ಸಂಘಟನೆ ಕಟ್ಟಿದವರು ಅವರೇ.

ಕ್ಯಾಲಿಫೋರ್ನಿಯಾದ ಹೊಲಗಳಿಗೆ ಬಂದರೆ ಚಿತ್ರ ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ದುಡಿಯಲು ಬಂದವರಲ್ಲಿ ನಮ್ಮ ಉಪಖಂಡದವರೂ ಇದ್ದರು. 1912ರಲ್ಲಿ ಸ್ಟಾಕ್ಟನ್‌ನಲ್ಲಿ ಎದ್ದ ಗುರುದ್ವಾರವು ಪಂಜಾಬಿ ಕೃಷಿ ಕೂಲಿಗಳಿಗೆ ಲಂಗರಿನ ಊಟವನ್ನೂ ತಂಗಲು ಜಾಗವನ್ನೂ ಕೊಡುತ್ತಿತ್ತು. ಪ್ರಾಟೆಸ್ಟೆಂಟ್ ಮಹಿಳಾ ಸಂಘಟನೆಗಳು 1920ರಲ್ಲಿ ಪೂರ್ವ ಕರಾವಳಿಯ ಡಬ್ಬಿ ಆಹಾರದ ಕಾರ್ಖಾನೆಗಳ ಬಳಿ ವಲಸೆ ಕೂಲಿಗಳ ಮಕ್ಕಳಿಗಾಗಿ ಆರಂಭಿಸಿದ ‘ಮೈಗ್ರಂಟ್ ಮಿನಿಸ್ಟ್ರಿ’ ಕ್ರಮೇಣ ಪಶ್ಚಿಮಕ್ಕೂ ಹರಡಿತು. ಬಟ್ಟೆ, ಔಷಧಿ, ಮಕ್ಕಳಿಗೆ ಆಟಪಾಠ: ಯಾರಿಗೂ ತಕರಾರಿಲ್ಲದ ಸೇವೆ. 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆ ಸಂಘ ಕಟ್ಟುವ ಹಕ್ಕನ್ನು ಕಾರ್ಖಾನೆಯವರಿಗೆ ಕೊಟ್ಟು ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತು. 1942ರಿಂದ 1964ರವರೆಗೆ ಮೆಕ್ಸಿಕೋದಿಂದ ಗುತ್ತಿಗೆಯ ಮೇಲೆ ಕೂಲಿಗಳನ್ನು ತರಿಸಿಕೊಳ್ಳುವ ‘ಬ್ರಸೇರೋ’ ಯೋಜನೆ ಇದ್ದುದರಿಂದ, ಕೂಲಿ ಹೆಚ್ಚಿಸಿ ಎಂದವರನ್ನು ಕಳಿಸಿ ಬೇರೆಯವರನ್ನು ಕರೆತರುವುದು ಮಾಲೀಕರಿಗೆ ಕಷ್ಟವಿರಲಿಲ್ಲ.

1965ರ ಸೆಪ್ಟೆಂಬರ್ 8ರಂದು ಡೆಲಾನೋದ ದ್ರಾಕ್ಷಿ ತೋಟಗಳಲ್ಲಿ ಲ್ಯಾರಿ ಇಟ್ಲಿಯಾಂಗ್ ನೇತೃತ್ವದ ಫಿಲಿಪೀನ್ಸ್ ಮೂಲದ ಕೂಲಿಗಳು ಕೆಲಸ ನಿಲ್ಲಿಸಿದರು. ಎಂಟು ದಿನಗಳ ಬಳಿಕ ಚಾವೆಸ್‌ರ ಸಂಘಟನೆಯು ಮುಷ್ಕರಕ್ಕೆ ಸೇರುವ ತೀರ್ಮಾನ ಮಾಡಿದ್ದು ಊರಿನ ಗ್ವಾಡಲೂಪೆ ಮಾತೆಯ (ಮೆಕ್ಸಿಕನ್ನರು ಆರಾಧಿಸುವ ಮೇರಿ ಮಾತೆಯ ರೂಪ) ಚರ್ಚಿನ ಸಭಾಂಗಣದಲ್ಲಿ. ಕ್ರಿಸ್ ಹಾರ್ಟ್‌ಮೈರ್ ಮುಖ್ಯಸ್ಥರಾಗಿದ್ದ ಕ್ಯಾಲಿಫೋರ್ನಿಯಾದ ಮೈಗ್ರಂಟ್ ಮಿನಿಸ್ಟ್ರಿ ನೇರವಾಗಿ ಮುಷ್ಕರದ ಪಕ್ಕ ನಿಂತಿತು. ಗಲಾಟೆ ಶುರುವಾದದ್ದು ಆಗಲೇ. ತೋಟದ ಮಾಲೀಕರೂ ಅವೇ ಚರ್ಚ್‌ಗಳ ಸದಸ್ಯರು, ಅವರ ಕಾಣಿಕೆಯಿಂದಲೇ ಈ ಸೇವೆ ನಡೆಯುತ್ತಿತ್ತು. ಮಕ್ಕಳಿಗೆ ಔಷಧಿ ಕೊಡಿ ಎಂದರೆ ನೀವು ಅಪ್ಪಂದಿರಿಗೆ ಬಾವುಟ ಕೊಟ್ಟಿರಿ ಎಂಬುದು ಅವರ ಆಕ್ಷೇಪದ ಸಾರ. ಡೆಲಾನೋ ಸುತ್ತಲಿನ ಕಣಿವೆಯ ಹಲವು ಸ್ಥಳೀಯ ಪಾದ್ರಿಗಳು ಹಾರ್ಟ್‌ಮೈರ್‌ರನ್ನು ಖಂಡಿಸಿದರು. ಡೆಲಾನೋದಿಂದ ಹೊರಟ ಪಾದಯಾತ್ರೆಯು ಗ್ವಾಡಲೂಪೆ ಮಾತೆಯ ಪಟವನ್ನು ಮುಂದಿಟ್ಟುಕೊಂಡು 1966ರ ಈಸ್ಟರ್ ಭಾನುವಾರ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊ ತಲುಪಿತು. ದ್ರಾಕ್ಷಿ ಬಹಿಷ್ಕಾರ ದೇಶಕ್ಕೆಲ್ಲ ಹಬ್ಬಿತು. ಕೊನೆಗೆ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಸಮಿತಿಯೊಂದರ ಮಧ್ಯಸ್ಥಿಕೆಯಲ್ಲಿ 1970ರ ಜುಲೈನಲ್ಲಿ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು.

ನಿರಾಶ್ರಿತರ ವಿಷಯದಲ್ಲಿ ದಾನಿ ಬೇರೆ. ಎರಡನೆಯ ಮಹಾಯುದ್ಧದ ನಂತರ ಯೂರೋಪಿನ ನಿರ್ವಸಿತರನ್ನು ಊರೂರಿನ ಚರ್ಚ್‌ಗಳು ಹೊಣೆ ಹೊತ್ತು ಕರೆಸಿಕೊಂಡವು; 1946ರಲ್ಲಿ ಹುಟ್ಟಿದ ಚರ್ಚ್ ವರ್ಲ್ಡ್ ಸರ್ವೀಸ್, ಅದಕ್ಕೂ ಹಳೆಯವಾದ ಲೂಥರನ್, ಕ್ಯಾಥೊಲಿಕ್, ಯೆಹೂದಿ ಸಂಸ್ಥೆಗಳು ಈ ಕೆಲಸದಲ್ಲಿ ಪಳಗಿದವು. ವಿಯೆಟ್ನಾಂನಿಂದ 1975ರಲ್ಲಿ ಲಕ್ಷಕ್ಕೂ ಮೀರಿ ಜನ ಬಂದ ಮೇಲೆ, 1980ರ ನಿರಾಶ್ರಿತರ ಕಾಯ್ದೆ ಈ ವ್ಯವಸ್ಥೆಗೆ ಖಾಯಂ ರೂಪ ಕೊಟ್ಟಿತು. ಸರ್ಕಾರ ತಲೆಗಿಷ್ಟು ಹಣ ಕೊಡುತ್ತಿತ್ತು, ಸಂಸ್ಥೆ ಕೆಲಸ ಮಾಡುತ್ತಿತ್ತು. ವಿಮಾನ ನಿಲ್ದಾಣದಲ್ಲಿ ಎದುರುಗೊಳ್ಳಬೇಕು, ಹಾಸಿಗೆ ಪಾತ್ರೆಗಳಿರುವ ಮನೆ ಸಿದ್ಧವಿರಬೇಕು, ಮೊದಲ ದಿನ ಬಂದವರ ಪದ್ಧತಿಗೆ ಒಗ್ಗುವ ಊಟ ತಯಾರಿರಬೇಕು ಎಂಬಷ್ಟು ವಿವರಗಳು ಒಪ್ಪಂದದಲ್ಲೇ ಇರುತ್ತಿದ್ದವು. ಮೊದಲ ಹಂತದ ನೆರವು ಹೆಚ್ಚೆಂದರೆ 90 ದಿನ. ವಿಮಾನದ ಟಿಕೆಟ್ ಹಣ ಸಾಲವಾಗಿ ಉಳಿಯುತ್ತಿತ್ತು, ಕಂತಿನಲ್ಲಿ ತೀರಿಸಬೇಕಿತ್ತು. ಹಾಗಾಗಿ ನೇಪಾಳದ ಶಿಬಿರಗಳಿಂದ 2008ರ ಬಳಿಕ ಬಂದ ಭೂತಾನಿನ ನಿರಾಶ್ರಿತರಿರಲಿ, ಬರ್ಮಾದವರಿರಲಿ, ಭಾಷೆ ಕಲಿಯುವ ಮೊದಲೇ ಮಾಂಸದ ಕಾರ್ಖಾನೆಗೋ ಗೋದಾಮಿಗೋ ಹೋಟೆಲಿನ ಕೋಣೆ ಶುಚಿಗೊಳಿಸುವ ಕೆಲಸಕ್ಕೋ ಸೇರುವುದು ಅನಿವಾರ್ಯವಾಗುತ್ತಿತ್ತು.

ಸರ್ಕಾರ ಒಪ್ಪದ ನಿರಾಶ್ರಿತರು ಬಂದಾಗ ಏನು ಮಾಡಬೇಕೆಂಬ ಪ್ರಶ್ನೆಯೂ ಆ ಕಾಯ್ದೆ ಬಂದ ವರ್ಷವೇ ಎದುರಾಯಿತು. 1980ರ ಜುಲೈನಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬರುತ್ತಿದ್ದ ಹದಿಮೂರು ಮಂದಿ ಅರಿಜೋನಾದ ಮರುಭೂಮಿಯಲ್ಲಿ ನೀರಿಲ್ಲದೆ ಸತ್ತರು. ಬದುಕಿ ಉಳಿದವರಿಗೆ ನೆರವಾದ ಟೂಸಾನ್‌ನ ಚರ್ಚ್‌ಗಳು ಮೊದಲು ಕಾನೂನಿನ ದಾರಿಯಲ್ಲೇ ಆಶ್ರಯದ ಅರ್ಜಿ ಹಾಕಿಸಿದವು. ಆದರೆ ಆ ದೇಶದವರ ಅರ್ಜಿಗಳಲ್ಲಿ ನೂರಕ್ಕೆ ಮೂರೂ ಮಂಜೂರಾಗುತ್ತಿರಲಿಲ್ಲ, ಏಕೆಂದರೆ ಅಲ್ಲಿನ ಆಡಳಿತ ಅಮೆರಿಕದ ಮಿತ್ರ. 1982ರ ಮಾರ್ಚ್ 24ರಂದು, ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೋ ಹತ್ಯೆಯಾಗಿ ಎರಡು ವರ್ಷ ತುಂಬಿದ ದಿನ, ಪಾದ್ರಿ ಜಾನ್ ಫೈಫ್ ತಮ್ಮ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚನ್ನು ಆಶ್ರಯತಾಣವೆಂದು ಬಹಿರಂಗವಾಗಿ ಸಾರಿದರು. ಸರ್ಕಾರ ಪ್ರಾರ್ಥನಾ ಸಭೆಗಳಿಗೂ ಗೂಢಚಾರರನ್ನು ಕಳಿಸಿ ಮೊಕದ್ದಮೆ ಹೂಡಿತು. 1986ರಲ್ಲಿ ಫೈಫ್ ಸೇರಿ ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪಾದರೂ ಯಾರನ್ನೂ ಜೈಲಿಗೆ ಕಳಿಸಲಿಲ್ಲ. ಚರ್ಚ್‌ಗಳು ಸರ್ಕಾರದ ವಿರುದ್ಧ ಹೂಡಿದ್ದ ದಾವೆ 1991ರಲ್ಲಿ ರಾಜಿಯಾಗಿ, ತಿರಸ್ಕೃತ ಅರ್ಜಿಗಳನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಲು ಸರ್ಕಾರ ಒಪ್ಪಬೇಕಾಯಿತು.

1986ರ ವಲಸೆ ಸುಧಾರಣಾ ಕಾಯ್ದೆ ಸುಮಾರು 27 ಲಕ್ಷ ಮಂದಿಗೆ ಕಾಗದಪತ್ರ ಕೊಟ್ಟಿತು. ಆ ಅರ್ಜಿಗಳನ್ನು ತುಂಬಿಸುವ ಕೆಲಸದಲ್ಲೂ ಚರ್ಚ್‌ಗಳ ಪಾಲು ದೊಡ್ಡದು. ಅದೇ ಕಾಯ್ದೆಯು ಕಾಗದಪತ್ರವಿಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ಅಪರಾಧವಾಗಿಸಿತು. ಶಿಕ್ಷೆ ಮಾಲೀಕನಿಗೆಂದು ಬರೆದಿದ್ದರೂ ಬೆದರಿಕೆ ಮಾತ್ರ ಕೂಲಿಯವನ ಮೇಲೆ ಬಿತ್ತು: ಬಾಕಿ ಕೇಳಿದರೆ ಪೊಲೀಸರಿಗೆ ಹೇಳುತ್ತೇನೆ ಎನ್ನುವುದು ಸಾಮಾನ್ಯವಾಯಿತು. ಬೆಂಗಳೂರಿನ ವೃತ್ತಗಳಲ್ಲಿ ಬೆಳಗಾದರೆ ಗಾರೆ ಕೆಲಸದವರು ಮೇಸ್ತ್ರಿಗಾಗಿ ಕಾಯುವ ಹಾಗೆ ಅಮೆರಿಕದ ಕಟ್ಟಡ ಸಾಮಗ್ರಿ ಅಂಗಡಿಗಳ ಮುಂದೆ ಕಾಯುವ ದಿನಗೂಲಿಗಳಿಗೆ ಸಂಜೆ ಹಣ ಕೊಡದೆ ಮಾಯವಾಗುವ ಗುತ್ತಿಗೆದಾರರ ಕಾಟ ಹೊಸದಲ್ಲ. 1990ರ ದಶಕದಲ್ಲಿ ಹುಟ್ಟಿಕೊಂಡ ಕಾರ್ಮಿಕ ಕೇಂದ್ರಗಳು ಇಲ್ಲಿ ಕೈಹಾಕಿದವು. ಇವುಗಳ ವಿಧಾನ ಸರಳ: ದಿನದಿನದ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಡಿ, ಕರೆದೊಯ್ದ ವಾಹನದ ನಂಬರ್ ಗುರುತು ಹಾಕಿಕೊಳ್ಳಿ, ವೇತನ ಕಾಯ್ದೆ ಕಾಗದಪತ್ರ ಇಲ್ಲದವರಿಗೂ ಅನ್ವಯಿಸುತ್ತದೆ, ನೋಟಿಸ್ ನಾವು ಕಳಿಸುತ್ತೇವೆ. ನೋಟಿಸಿಗೆ ಬಗ್ಗದ ಮಾಲೀಕನ ಕಚೇರಿಗೆ ಪಾದ್ರಿಗಳನ್ನೂ ಕರೆದುಕೊಂಡು ಹೋಗುವುದುಂಟು. 1996ರಲ್ಲಿ ಷಿಕಾಗೋದಲ್ಲಿ ಕಿಮ್ ಬೋಬೋ ಆರಂಭಿಸಿದ ಸರ್ವಧರ್ಮೀಯ ಸಂಘಟನೆ ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿತು.

ಫ್ಲಾರಿಡಾದ ಇಮ್ಮೊಕಲಿಯಲ್ಲಿ 1993ರಿಂದ ಚರ್ಚಿನಿಂದ ಎರವಲು ಪಡೆದ ಕೋಣೆಯಲ್ಲಿ ಸೇರುತ್ತಿದ್ದ ಟೊಮೆಟೊ ಕೂಲಿಗಳ ಕತೆ ಇವುಗಳಲ್ಲಿ ಹೆಸರಾದದ್ದು. 32 ಪೌಂಡ್ ಹಿಡಿಯುವ ಬಕೆಟ್ ತುಂಬಿದರೆ ಅವರಿಗೆ ಸಿಗುತ್ತಿದ್ದುದು ಸುಮಾರು 40ರಿಂದ 45 ಸೆಂಟ್. ತೋಟದವನನ್ನು ಕೇಳಿ ಸಾಕಾಗಿ ಅವರು ಟೊಮೆಟೊ ಕೊಳ್ಳುವ ಟಾಕೋ ಬೆಲ್ ಕಂಪನಿಯ ಮೇಲೆ 2001ರಲ್ಲಿ ಬಹಿಷ್ಕಾರ ಹೂಡಿದರು: ಪೌಂಡಿಗೆ ಒಂದೇ ಸೆಂಟ್ ಹೆಚ್ಚು ಕೊಡಿ. ಬಕೆಟ್ಟಿನ ಲೆಕ್ಕದಲ್ಲಿ ಅದು 32 ಸೆಂಟ್ ಹೆಚ್ಚಳ. ಪ್ರೆಸ್ಬಿಟೇರಿಯನ್ ಚರ್ಚಿನ ಮಹಾಸಭೆ 2002ರಲ್ಲಿ ಬಹಿಷ್ಕಾರವನ್ನು ಬೆಂಬಲಿಸಿತು. ಆ ಚರ್ಚಿನ ಕೇಂದ್ರ ಕಚೇರಿಯೂ ಟಾಕೋ ಬೆಲ್‌ನ ಮಾತೃಸಂಸ್ಥೆಯ ಕಚೇರಿಯೂ ಒಂದೇ ಊರಿನಲ್ಲಿ, ಲೂಯಿವಿಲ್‌ನಲ್ಲಿ ಇದ್ದವು. 2005ರಲ್ಲಿ ಕಂಪನಿ ಒಪ್ಪಿತು.

ಭಾರತೀಯರೂ ಇಂಥದೇ ಕೇಂದ್ರವೊಂದರ ಬಾಗಿಲಿಗೆ ಹೋಗಿದ್ದಾರೆ. ಕತ್ರಿನಾ ಚಂಡಮಾರುತದ ನಂತರ ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಹಡಗುಕಟ್ಟೆಯ ಕಂಪನಿಗೆ ಸುಮಾರು 500 ಭಾರತೀಯ ವೆಲ್ಡರ್ ಮತ್ತು ಪೈಪ್‌ಫಿಟ್ಟರ್‌ಗಳು ಬಂದರು. ಗ್ರೀನ್ ಕಾರ್ಡ್ ಸಿಗುತ್ತದೆಂಬ ಮಾತು ನಂಬಿ ಏಜೆಂಟರಿಗೆ ತಲಾ ಹತ್ತು ಸಾವಿರ ಡಾಲರಿಗೂ ಹೆಚ್ಚು ತೆತ್ತಿದ್ದ ಅವರನ್ನು ಒಂದೊಂದು ಟ್ರೇಲರ್‌ನಲ್ಲಿ 24 ಮಂದಿಯವರೆಗೆ ತುಂಬಿ, ವಾಸಕ್ಕೆಂದು ತಿಂಗಳಿಗೆ 1,050 ಡಾಲರ್ ಸಂಬಳದಲ್ಲಿ ಮುರಿದುಕೊಳ್ಳಲಾಗುತ್ತಿತ್ತು. ನ್ಯೂ ಆರ್ಲಿಯನ್ಸ್‌ನ ಕಾರ್ಮಿಕ ಕೇಂದ್ರದ ನೆರವಿನಿಂದ 2008ರ ಮಾರ್ಚ್‌ನಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟು ಹೊರನಡೆದರು. 2015ರಲ್ಲಿ ನ್ಯಾಯಾಲಯದ ಜ್ಯೂರಿ ಐವರು ಕಾರ್ಮಿಕರಿಗೆ ಒಟ್ಟು 1.4 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು.

2025ರ ಜನವರಿಯಲ್ಲಿ ಅತಿ ದೊಡ್ಡ ದಾನಿಯೇ ಕೈ ಹಿಂದೆಗೆಯಿತು. ಟ್ರಂಪ್ ಸರ್ಕಾರ ನಿರಾಶ್ರಿತರ ಯೋಜನೆಯನ್ನು ತಡೆಹಿಡಿದು ಹಣ ನಿಲ್ಲಿಸಿತು. ಏಪ್ರಿಲ್‌ನಲ್ಲಿ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ ಸರ್ಕಾರದೊಂದಿಗಿನ ದಶಕಗಳ ಪಾಲುದಾರಿಕೆಯನ್ನು ನವೀಕರಿಸುವುದಿಲ್ಲವೆಂದು ತಿಳಿಸಿತು. ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯರಿಗೆ ನೆಲೆ ಕಲ್ಪಿಸಲು ಸೂಚನೆ ಬಂದಾಗ, ವರ್ಷಗಟ್ಟಲೆ ಶಿಬಿರಗಳಲ್ಲಿ ಕಾದವರನ್ನು ಬಿಟ್ಟು ಇವರಿಗೆ ಆದ್ಯತೆ ಕೊಡಲಾಗದೆಂದು ಎಪಿಸ್ಕೋಪಲ್ ಚರ್ಚ್ ತಾನೇ ಒಪ್ಪಂದದಿಂದ ಹೊರಬಂತು. ಚರ್ಚ್, ಶಾಲೆ, ಆಸ್ಪತ್ರೆಗಳಲ್ಲಿ ವಲಸಿಗರ ಬಂಧನವನ್ನು ಸಾಮಾನ್ಯವಾಗಿ ದೂರವಿಟ್ಟಿದ್ದ ಹಳೆಯ ನೀತಿಯೂ ಅದೇ ಜನವರಿಯಲ್ಲಿ ರದ್ದಾಗಿತ್ತು. ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದ ಧರ್ಮಾಧ್ಯಕ್ಷ ಅಲ್ಬೆರ್ಟೊ ರೊಹಾಸ್, ಬಂಧನದ ಭಯವಿರುವವರು ಭಾನುವಾರದ ಬಲಿಪೂಜೆಗೆ ಬರದಿದ್ದರೂ ದೋಷವಿಲ್ಲವೆಂದು ಆಜ್ಞೆ ಹೊರಡಿಸಿದರು. ನೀತಿಯ ಬದಲಾವಣೆಯನ್ನು ಪ್ರಶ್ನಿಸಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಸಭೆಗಳು ಹೂಡಿದ್ದ ದಾವೆಗೆ ಬ್ಯಾಪ್ಟಿಸ್ಟರ ಒಂದು ಒಕ್ಕೂಟವೂ ಸ್ಯಾಕ್ರಮೆಂಟೊದ ಸಿಖ್ ಗುರುದ್ವಾರವೂ ಸೇರಿಕೊಂಡವು. 2025ರ ಫೆಬ್ರುವರಿಯಲ್ಲಿ ಮೇರಿಲೆಂಡ್‌ನ ಫೆಡರಲ್ ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟರು, ಆದರೆ ಅದು ಅನ್ವಯಿಸಿದ್ದು ದಾವೆ ಹೂಡಿದವರ ಪೂಜಾಸ್ಥಳಗಳಿಗಷ್ಟೆ.